ಮೂಲೆ ಕೋಣೆಯ ಪಂಖಾ

ಬಳ್ಳಾರಿಗೆ ಜನ ಹವೆ ಬದಲಾವಣೆಗೆ ಬರುತ್ತಿದ್ದರು ಎಂದರೆ ಇವತ್ತಿನವರು ನಗುತ್ತಾರೆ. ನಗಲಿ ಬಿಡಿ. ಬಿಳಿಯರ ಕಾಲದಲ್ಲಿ ಬರುತ್ತಿದ್ದದ್ದು ನಿಜ. ಮದರಾಸಿನ ಹಸಿ ಗಾಳಿಗೆ ಎದೆ ಕಟ್ಟಿಕೊಂಡ ದೊರೆಗಳಿಗೆ ಅವರ ಡಾಕ್ಟರು, ಒಣ ಹವೆಯಲ್ಲಿ ಒಂದೆರಡು ತಿಂಗಳು ಇದ್ದು ಬನ್ನಿ ಎಂದು ಹೇಳುತ್ತಿದ್ದರಂತೆ. ಒಣ ಹವೆಗೆ ನಮ್ಮಲ್ಲೇನು ಕೊರತೆ! ಅಂಥವರಿಗಾಗಿ ಕಂಟೋನ್ಮೆಂಟಿನ ಅಂಚಿನಲ್ಲಿ, ಗುಡ್ಡಕ್ಕೆ ಮುಖ ಮಾಡಿ ಎದ್ದದ್ದು ರಾಕ್‌ವ್ಯೂ ಹೋಟೆಲ್. ಟೆನಿಸ್ ಆಡುವ ಅಂಗಳ, ಈಜುವ ತೊಟ್ಟಿ, ಬಿಲಿಯರ್ಡ್ಸ್ ಕೋಣೆ, ಊಟಕ್ಕೆ ಕೂತರೆ ಬೆನ್ನ ಹಿಂದೆ ಕೈಕಟ್ಟಿ ನಿಲ್ಲುವ ಬಟ್ಲರು. ನಮ್ಮವರು ಅದರ ಗೇಟಿನ ಮುಂದೆ ಸೈಕಲ್ಲಿನಿಂದ ಇಳಿದು ನಡೆದುಕೊಂಡು ಹೋಗುತ್ತಿದ್ದರು. ಇಳಿಯಿರಿ ಎಂದು ಯಾರೂ ಹೇಳಿರಲಿಲ್ಲ, ಕಾಲು ತಾವೇ ಇಳಿಯುತ್ತಿದ್ದವು.

ಈ ಸಂಗತಿ ನಡೆದ ಕಾಲಕ್ಕೆ ಹೋಟೆಲಿಗೆ ಮುಪ್ಪು ಹಿಡಿದಿತ್ತು. ತೊಟ್ಟಿಯಲ್ಲಿ ನೀರಿನ ಬದಲು ಬೇವಿನೆಲೆ ತುಂಬಿತ್ತು. ಟೆನಿಸ್ ಅಂಗಳದ ಬಿರುಕಿನಲ್ಲಿ ಓತಿಕ್ಯಾತಗಳು ಸಂಸಾರ ಹೂಡಿದ್ದವು. ಬಿಲಿಯರ್ಡ್ಸ್ ಮೇಜಿನ ಹಸಿರು ಬಟ್ಟೆಯನ್ನು ಇಲಿಗಳು ಹರಿದು ಗೂಡಿಗೆ ಒಯ್ದಿದ್ದವು. ಗೋಡೆಯ ಸುಣ್ಣ ಉದುರಿತ್ತೇ ಹೊರತು ಗತ್ತು ಉದುರಿರಲಿಲ್ಲ. ಆಗಲೂ ಬಂದವರಿಗೆ ಬೆಳ್ಳಿ ಚಮಚವೇ, ಹರಿದದ್ದಾದರೂ ಇಸ್ತ್ರಿ ಮಾಡಿದ ಹಾಸಿಗೆಯೇ.

ಇಲ್ಲಿ ಕೋಣೆಗಳ ಕಸ ಗುಡಿಸುತ್ತಿದ್ದವಳು ಕುರುಗೋಡಿನ ಸುಂಕಲಮ್ಮ. ಅವಳ ಗಂಡ ಹಂಪಯ್ಯ ಪಂಖಾ ಎಳೆಯುವವನು. ಕೋಣೆಯ ತೊಲೆಗೆ ಇಳಿಬಿಟ್ಟ, ಜಾಲರಿ ಬಟ್ಟೆ ಹೊಲಿದ ಉದ್ದನೆಯ ಹಲಗೆಯೇ ಪಂಖಾ. ಅದಕ್ಕೆ ಕಟ್ಟಿದ ಹಗ್ಗ ಗೋಡೆಯ ತೂತಿನಿಂದ ಹಿಂದಿನ ವರಾಂಡಕ್ಕೆ ಬರುತ್ತದೆ. ಅಲ್ಲಿ ಒಂದು ಕಲ್ಲಿನ ಮೇಲೆ ಕೂತು ಎಳೆಯುತ್ತಲೇ ಇರಬೇಕು. ಒಳಗಿನವರಿಗೆ ಗಾಳಿ ಬೇಕು, ಎಳೆಯುವವನ ಮುಖ ಬೇಡ. ಹಂಪಯ್ಯನಿಗೂ ಅದೇ ಹಿಡಿಸಿತ್ತು. ಅವನು ಮಾತಿಲ್ಲದ ಮನುಷ್ಯ. ಸುಂಕಲಮ್ಮ ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತಿದ್ದಳು. ಮಕ್ಕಳಿರಲಿಲ್ಲ. ಹೋಟೆಲಿನ ಆಳುಗಳ ಸಾಲಿನಲ್ಲಿ ಒಂದು ಕೋಣೆ, ಕುರುಗೋಡಿನಲ್ಲಿ ಹಿರಿಯರ ಕಾಲದ ಒಂದು ಕಲ್ಲಿನ ಮನೆ, ಇಷ್ಟೇ ಅವರದು.

ಹಂಪಯ್ಯ ಎಳೆಯುತ್ತಿದ್ದದ್ದು ಮೂಲೆ ಕೋಣೆಯ ಪಂಖಾ. ಆ ಕೋಣೆಯಲ್ಲಿ ಒಬ್ಬ ಮುದುಕಿ ದೊರಸಾನಿ ವರ್ಷಗಟ್ಟಲೆ ಬೀಡು ಬಿಟ್ಟಿದ್ದಳು. ಅವಳ ದೊರೆ ರೈಲ್ವೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ಇಲ್ಲೇ ತೀರಿಕೊಂಡಿದ್ದ. ಊರಿಗೆ ಹೋಗಲು ಅವಳಿಗೆ ಅಲ್ಲಿ ಯಾರೂ ಇರಲಿಲ್ಲ, ಇಲ್ಲಿ ಇರಲು ಒಂದು ಗೋರಿಯಾದರೂ ಇತ್ತು. ಮಂಚದ ಮೇಲೆ ಮಲಗಿ, ಗಾಳಿ ಸ್ವಲ್ಪ ಸಡಿಲಾದರೆ ಸಾಕು, ಗೋಡೆಯ ಕಡೆ ಮುಖ ಮಾಡಿ ಕೂಗುತ್ತಿದ್ದಳು: "ಹಂಪಯ್ಯ! ಖೀಂಚೋ!" ಎಳೆ ಎನ್ನಲು ಅವಳಿಗೆ ಗೊತ್ತಿದ್ದ ಹಿಂದೂಸ್ತಾನಿ ಅದೊಂದೇ. ಪಾಪ, ಕೆಟ್ಟವಳೇನಲ್ಲ. ಸೆಖೆಗೆ ಹೆದರಿದವಳು.

ಯುದ್ಧದ ಕಾಲದ ಒಂದು ವೈಶಾಖದಲ್ಲಿ, ಸುಂಕಲಮ್ಮ ಕುರುಗೋಡಿಗೆ ಮದುವೆಯೊಂದಕ್ಕೆ ಹೋಗಿದ್ದಾಗ, ಹಂಪಯ್ಯ ಸತ್ತ. ಬಿಸಿಲು ಬಡಿದಿತ್ತು ಎಂದರು. ಅವಳು, ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಕುದಿಯುತ್ತ ಬಂದು ಮುಟ್ಟುವ ಹೊತ್ತಿಗೆ ಹೆಣವನ್ನು ಹಳೆಯ ಕುದುರೆ ಲಾಯದಲ್ಲಿ ಗೋಣಿಚೀಲದ ಮೇಲೆ ಮಲಗಿಸಿದ್ದರು. "ಇಲ್ಲೇ ನೆಳ್ಳಿಗೆ ಅಂತ ಬಂದು ಕುಂತಾವ ಹಂಗs ಒರಗಿದ್ನವ್ವ" ಎಂದು ಹೇಳಿದವನು ಮರಿಬಸಪ್ಪ. ಆಗ ಹೋಟೆಲಿನ ಗುಮಾಸ್ತ, ದೊರೆಗಳು ಹೋದ ಮೇಲೆ ಮ್ಯಾನೇಜರು. ಶುದ್ಧ ಸಸ್ಯಾಹಾರಿ. ಅಡುಗೆಮನೆಯ ಮುಂದೆ ಹಾಯುವಾಗಲೆಲ್ಲ ಪಂಚೆಯ ಸೆರಗು ಮೂಗಿಗೆ ಹಿಡಿದೇ ಇಷ್ಟು ವರ್ಷ ನೌಕರಿ ಮಾಡಿದ್ದ.

ಸುಂಕಲಮ್ಮನ ಜನರಲ್ಲಿ ಒಂದು ಪದ್ಧತಿ. ಮನೆಯ ಹೊರಗೆ, ಕಂಡವರ ನೆಲದಲ್ಲಿ ಉಸಿರು ಬಿಟ್ಟವರನ್ನು ಮಣ್ಣು ಮಾಡಿದರೆ ಮುಗಿಯುವುದಿಲ್ಲ, ಜೀವವನ್ನು ಮನೆಗೆ ಕರೆತರಬೇಕು. ಒಡಹುಟ್ಟಿದವರು ಹೊಸ ಗಡಿಗೆಯಲ್ಲಿ ನೀರು ತುಂಬಿಕೊಂಡು, ಉಸಿರು ನಿಂತ ಜಾಗಕ್ಕೇ ಹೋಗಿ, ಹೆಸರು ಹಿಡಿದು ಕರೆದು, ಗಡಿಗೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ತಿರುಗಿ ನೋಡದೆ, ಮಾತಾಡದೆ ಮನೆಗೆ ತರಬೇಕು. ಮನೆಯಲ್ಲಿ ಎಡೆ ಇಟ್ಟಾಗ ಕಾಗೆ ಮುಟ್ಟಿತೆಂದರೆ ಸತ್ತವರು ಬಂದು ಹಿರಿಯರ ಸಾಲಿನಲ್ಲಿ ಕೂತರು ಎಂದು ಲೆಕ್ಕ. ಹಂಪಯ್ಯನ ತಮ್ಮ ಜೋಗಪ್ಪ ಸಿರುಗುಪ್ಪದಿಂದ ಬಂದು ಲಾಯದಲ್ಲಿ ನಿಂತು, "ಹಂಪಯ್ಯಣ್ಣಾ, ಮನಿಗೆ ಬಾ" ಎಂದು ಕರೆದ. ಗಡಿಗೆ ಕುರುಗೋಡಿಗೆ ಬಂತು. ಕಾಗೆ ಬೇಲಿಯ ಮೇಲೆ ಕೂತು, ಕತ್ತು ಓರೆ ಮಾಡಿ ಎಡೆಯನ್ನು ನೋಡಿ, ಹಾರಿಹೋಯಿತು. ಸಂಜೆಗೆ ಆ ಎಡೆಯನ್ನು ಇರುವೆಗಳು ಹೊತ್ತೊಯ್ದವು.

ಆಮೇಲೆ ಪ್ರತಿ ವರ್ಷ ಹಿರಿಯರ ಹಬ್ಬದಲ್ಲೂ ಅದೇ. ಅತ್ತೆಯ ಎಡೆ, ಮಾವನ ಎಡೆ ಕಾಗೆ ಕಚ್ಚಿ ಒಯ್ಯುತ್ತಿದ್ದವು. ಹಂಪಯ್ಯನ ರೊಟ್ಟಿ ಮಾತ್ರ ಇಟ್ಟಲ್ಲೇ ಇರುತ್ತಿತ್ತು. ಜನ ಏನೇನೋ ಸಮಾಧಾನ ಹೇಳಿದರು. ಸುಂಕಲಮ್ಮನಿಗೆ ಸಮಾಧಾನ ಬೇಕಿರಲಿಲ್ಲ. ಗಂಡ ಎಲ್ಲಿದ್ದಾನೆ ಎನ್ನುವುದು ಬೇಕಿತ್ತು. ಬದುಕಿದ್ದಾಗಲೂ ಕಂಡವರ ಬಾಗಿಲ ಹಿಂದೆ ಕೂತವನು ಸತ್ತ ಮೇಲಾದರೂ ತನ್ನ ಮನೆಯಲ್ಲಿ ಕೂರಬಾರದೇ? ಅವಳ ಜೀವಕ್ಕೆ ಆ ಒಂದೇ ಆಸೆ ಉಳಿದಿತ್ತು.

ದೊರಸಾನಿಯೂ ಹೆಚ್ಚು ದಿನ ಉಳಿಯಲಿಲ್ಲ. ಹಂಪಯ್ಯ ಸತ್ತ ವರ್ಷದ ಮಳೆಗಾಲದಲ್ಲೇ ಅದೇ ಮೂಲೆ ಕೋಣೆಯಲ್ಲಿ ಕಣ್ಣು ಮುಚ್ಚಿದಳು. ಅವಳನ್ನು ಬಿಳಿಯರ ಸಮಾಧಿ ತೋಟದಲ್ಲಿ ದೊರೆಯ ಪಕ್ಕದಲ್ಲಿ ಹೂಳಿದರು. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು. ಕೋಣೆಗಳಿಗೆಲ್ಲ ಕರೆಂಟಿನ ಫ್ಯಾನು ಹಾಕಿಸಿದರು. ಮೂಲೆ ಕೋಣೆಯ ತೊಲೆಗೆ ಮಾತ್ರ ಗೆದ್ದಲು ಹತ್ತಿತ್ತು, ಮೇಸ್ತ್ರಿ ಅದಕ್ಕೆ ಮೊಳೆ ಹೊಡೆಯಲು ಒಪ್ಪಲಿಲ್ಲ. ಹಳೆಯ ಪಂಖಾ ಹಾಗೆಯೇ ನೇತಾಡಿಕೊಂಡು ಉಳಿಯಿತು. ಎಳೆಯಲು ಮರಿಬಸಪ್ಪ ಯಾರನ್ನೂ ಇಡಲಿಲ್ಲ.

ಈಗ ಬರುತ್ತಿದ್ದವರು ಬೇರೆ ಜನ. ತುಂಗಭದ್ರಾ ಅಣೆಕಟ್ಟಿನ ಇಂಜಿನಿಯರುಗಳು, ಅದಿರು ಗಣಿಯ ಸಾಹುಕಾರರು, ಬಳ್ಳಾರಿ ಮೈಸೂರಿಗೋ ಆಂಧ್ರಕ್ಕೋ ಎಂದು ಗಂಟಲು ಹರಿದುಕೊಂಡು ಬಂದು ಒಂದೇ ಮೇಜಿಗೆ ಕೂತು ಕೋಳಿ ತಿನ್ನುವ ಲೀಡರುಗಳು. ಒಮ್ಮೆ ಮೈಸೂರಿನ ಇಂಜಿನಿಯರೊಬ್ಬ ಬೇಸಿಗೆಯಲ್ಲಿ ಮೂಲೆ ಕೋಣೆಯಲ್ಲಿ ಇಳಿದ. ಹೊರಡುವಾಗ ಮರಿಬಸಪ್ಪನ ಬೆನ್ನು ತಟ್ಟಿದ. "ಏನ್ ಗಾಳಿ ಕಣ್ರೀ! ಇದರ ಮುಂದೆ ಫ್ಯಾನು ಯಾತಕ್ಕೂ ಬೇಡ. ಆ ಪಂಖಾ ಎಳೆಯೋನನ್ನ ಕರೀರಿ, ಭೇಷ್ ಅಂತ ಹೇಳಿ ಹೋಗ್ತೀನಿ."

ಮರಿಬಸಪ್ಪನ ಮುಖದಲ್ಲಿ ಬೆವರು ಇಳಿಯಿತು. "ಅವ ಊಟಕ್ಕ ಹೋಗ್ಯಾನ್ರಿ" ಎಂದ.

ಗಣಿಯ ಸಾಹುಕಾರನೊಬ್ಬ ಏಪ್ರಿಲ್ ಬಿಸಿಲಿನಲ್ಲಿ ನಡುಮಧ್ಯಾಹ್ನ ಕಂಬಳಿ ಕೇಳಿದ. ಲೀಡರೊಬ್ಬ, ಮಲಗಿದ್ದಾಗ ಪಕ್ಕದಲ್ಲೇ ಮುದುಕಿಯೊಬ್ಬಳು ಏನೋ ಕೂಗಿದಳು, ಆ ಕೂಡಲೇ ಗಾಳಿ ಜೋರಾಯಿತು ಎಂದು ಹೇಳಿ, ತಾನೇ ನಕ್ಕು, ಮತ್ತೆ ಆ ಕೋಣೆಗೆ ಹೋಗಲಿಲ್ಲ. ಸಿನಿಮಾ ಕಂಪನಿಯ ಹೆಂಗಸೊಬ್ಬಳು ಎಳೆಯುವವನಿಗೆ ಹಣ್ಣು ಕೊಡೋಣವೆಂದು ಹಿಂದಿನ ವರಾಂಡಕ್ಕೆ ಹೋದಳು. ಹಗ್ಗ ಇಳಿಯುತ್ತಿತ್ತು, ಏರುತ್ತಿತ್ತು. ಕಲ್ಲಿನ ಮೇಲೆ ಯಾರೂ ಇರಲಿಲ್ಲ. ಅವಳು ಚಪ್ಪಲಿಯನ್ನು ಅಲ್ಲೇ ಬಿಟ್ಟು ರೈಲ್ವೆ ಸ್ಟೇಷನ್ನಿಗೆ ಹೋದಳು.

ಹೆದರಿದವರು ಹೆದರಿದರು, ಆದರೆ ನಿದ್ದೆ ಮಾಡಿದವರೇ ಹೆಚ್ಚು. ಬೇಸಿಗೆ ಬಂದರೆ ಮೂಲೆ ಕೋಣೆಯೇ ಬೇಕೆಂದು ಕೇಳುವವರು ಹುಟ್ಟಿಕೊಂಡರು. ಮರಿಬಸಪ್ಪ ಕೊಟ್ಟ. ಮುಳುಗುವ ಹೋಟೆಲನ್ನು ಅಷ್ಟು ವರ್ಷ ತೇಲಿಸಿದ್ದು ಆ ಒಂದು ಕೋಣೆ. ಬದುಕಿದ್ದವನನ್ನು ದುಡಿಸಿಕೊಂಡದ್ದು ಸಾಲದೆಂದು ಸತ್ತವನನ್ನೂ ದುಡಿಸಿಕೊಂಡರು, ಇದಕ್ಕಿಂತ ನೀಚತನ ಇನ್ನೇನಿದೆ?

ಸುಂಕಲಮ್ಮ ಹಗ್ಗವನ್ನು ನೋಡಿಯೇ ಗುರುತು ಹಿಡಿದಿದ್ದಳು. ಎರಡು ಸಲ ಗಿಡ್ಡ ಎಳೆತ, ಆಮೇಲೆ ಒಂದು ಉದ್ದನೆಯದು. ಲೋಕದಲ್ಲಿ ಇನ್ಯಾರೂ ಹಾಗೆ ಎಳೆಯುತ್ತಿರಲಿಲ್ಲ. ಎಷ್ಟೋ ಮಧ್ಯಾಹ್ನ ಕಸಬರಿಗೆ ಬದಿಗಿಟ್ಟು ಆ ಕಲ್ಲಿನ ಎದುರು ಕೂರುತ್ತಿದ್ದಳು. ಬೇಸಿಗೆಯ ಬಳ್ಳಾರಿಯ ಮಧ್ಯಾಹ್ನ ಹೇಗಿರುತ್ತದೆ ಎಂದು ಬಲ್ಲವರು ಬಲ್ಲರು. ಬೀದಿಯಲ್ಲಿ ನಾಯಿ ಕೂಡ ಇರುವುದಿಲ್ಲ, ಗುಡ್ಡದ ಬಂಡೆಗಳು ಕಾವಿಗೆ ಅಲುಗಾಡಿದಂತೆ ಕಾಣುತ್ತವೆ, ಕಿವಿಯೊಳಗೆ ಒಂದು ಝೇಂಕಾರ ಬಿಟ್ಟರೆ ಬೇರೆ ಸದ್ದಿಲ್ಲ. ಆ ನಿಶ್ಶಬ್ದದಲ್ಲಿ ಹಗ್ಗ ಮಾತ್ರ ಗೋಡೆಯ ತೂತಿಗೆ ಉಜ್ಜುತ್ತ ಸರ್ರ್ ಎನ್ನುತ್ತಿತ್ತು. ಅವಳಿಗೆ ಹೆದರಿಕೆ ಆಗುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಲಾಯದಲ್ಲಿ ಸತ್ತವನು, ಅಲ್ಲಿಂದ ಕರೆದು ಒಯ್ದವನು, ಇಲ್ಲಿ ಹೇಗೆ ಕೂತ?

ಅದನ್ನು ಬಿಡಿಸಿ ಹೇಳಿದ್ದು ದೊರಸಾನಿಯ ಆಯಾ ಆಗಿದ್ದ ಸಾವಂತ್ರಮ್ಮ, ಅದೂ ತಿಳಿಯದೆ. ಒಂದು ದಿನ ಇಬ್ಬರೂ ಸೇರಿ ಮೂಲೆ ಕೋಣೆಯ ಮಂಚ ಸರಿಸುತ್ತಿದ್ದರು. ಸಾವಂತ್ರಮ್ಮ ನೆಲಕ್ಕೆ ಕೈ ತಾಗಿಸಿ ಕಣ್ಣಿಗೆ ಒತ್ತಿಕೊಂಡಳು.

"ಅಲ್ಲೇನೈತಬೇ?" ಎಂದಳು ಸುಂಕಲಮ್ಮ.

"ನಿನ್ನ ಗಂಡ ಬಿದ್ದ ಜಾಗ ಅಲ್ಲೇನವ್ವ. ಪಂಖಾದ ಹಗ್ಗ ಓಡೋ ಗಾಲಿ ಸಿಕ್ಕೊಂಡಿತ್ತು. ಸರಿ ಮಾಡು ಬಾ ಅಂತ ದೊರಸಾನಿ ಒಳಗ ಕರದ್ಲು. ಸ್ಟೂಲ್ ಮ್ಯಾಲಿಂದ ಇಳಿದಾವ ಹಂಗs ಕುಸದ. ನೀರು ಬಾಯಿಗೆ ಬಿಡೋದ್ರಾಗ ಮುಗದಿತ್ತು."

"ಲಾಯದಾಗ ಅಲ್ಲ?"

"ಲಾಯಕ್ಕ ಆಮ್ಯಾಲೆ ಹೊತಗೊಂಡು ಹೋದ್ರು. ನಿನಗ ಗೊತ್ತಿಲ್ಲೇನು?"

ಸುಂಕಲಮ್ಮ ಕಸಬರಿಗೆ ಹಿಡಿದುಕೊಂಡೇ ಆಫೀಸಿಗೆ ನುಗ್ಗಿದಳು. ಮರಿಬಸಪ್ಪ ಅಲ್ಲಗಳೆಯಲಿಲ್ಲ. "ಹೋಟ್ಲಿನ ಮರ್ಯಾದಿ ಪ್ರಶ್ನೆ ಇತ್ತವ್ವ. ಗೆಸ್ಟು ಇರೋ ಕೋಣ್ಯಾಗ ಆಳುಮನಿಷಾ ಸತ್ತ ಅಂದ್ರ ಯಾರು ಬರ್ತಾರ? ಹೆಣ ಇಲ್ಲಿದ್ರೇನು, ಅಲ್ಲಿದ್ರೇನು ಅಂತ..."

"ಹೆಣ ನೀವು ಹೊತ್ರಿ ಧಣೇರ. ಜೀವ ಹೊರಾಕ ನಿಮ್ಮ ಕೈಲಿ ಆಗಲಿಲ್ಲ. ನನ್ನ ಗಂಡ ಇನ್ನಾ ಇಲ್ಲೇ ದುಡ್ಯಾಕ ಹತ್ಯಾನ."

ಮರಿಬಸಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಅವನಿಗೂ ಗೊತ್ತಿತ್ತು.

ಮರುದಿನವೇ ಅವಳು ಸಿರುಗುಪ್ಪಕ್ಕೆ ಹೋದಳು. ಜೋಗಪ್ಪ ಕಾಲುವೆ ಕೆಳಗಿನ ಗದ್ದೆಯಲ್ಲಿ ಮೊಳಕಾಲು ಕೆಸರಿನಲ್ಲಿ ನಿಂತು ಭತ್ತದ ಸಸಿ ಹಚ್ಚುತ್ತಿದ್ದ. ಬದುವಿನ ಮೇಲೆ ನಿಂತೇ ಎಲ್ಲ ಹೇಳಿದಳು. ಅವನು ಕೇಳಿದ, ಕೈಯಲ್ಲಿದ್ದ ಸಸಿಯ ಕಟ್ಟನ್ನು ನೀರಲ್ಲಿ ಬಿಟ್ಟ.

"ಅತ್ತಿಗಿ, ಕರದಾಗೈತಿ. ಒಮ್ಮಿ ಕರದವರನ್ನ ಮತ್ತ ಕರೀಬಾರದು. ಮೊದಲು ಕರದಿದ್ದು ಸುಳ್ಳು ಅಂದಂಗ ಆಕ್ಕೈತಿ."

"ಸುಳ್ಳs ಆಗಿತ್ತಲ್ಲೋ! ಜಾಗ ತಪ್ಪಿತ್ತು."

"ಜಾಗ ತಪ್ಪಿದ್ರ ತಪ್ಪಿಸಿದವರು ಕರೀಲಿ. ನನಗ ಮಕ್ಕಳು ಅದಾವು. ನಾ ಬರಂಗಿಲ್ಲ." ಅಣ್ಣನ ಮೇಲೆ ಪ್ರೀತಿ ಇಲ್ಲವೆಂದಲ್ಲ, ಅಣ್ಣ ಬಂದುಬಿಟ್ಟರೆ ಎಂಬ ಭಯ. "ಉಂಡು ಹೋಗಬೇ" ಎಂದು ಕರೆದ. ಅವಳು ಉಣ್ಣದೆ ಬಸ್ಸು ಹತ್ತಿದಳು.

ಹಾಗಾಗಿ ತಾನೇ ಕರೆಯುವುದೆಂದು ನಿಶ್ಚಯಿಸಿದಳು. ಕೋಣೆ ಖಾಲಿ ಇದ್ದ ಒಂದು ಮಧ್ಯಾಹ್ನ ಸಾವಂತ್ರಮ್ಮ ಬೀಗ ತೆಗೆದುಕೊಟ್ಟು, ತಾನು ಅಂಗಳದ ಆಚೆ ದೂರ ಹೋಗಿ ನಿಂತಳು. ಒಳಗೆ ತಣ್ಣಗಿತ್ತು. ಪಂಖಾ ತಲೆಯ ಮೇಲೆ ಹೋಗುತ್ತಿತ್ತು, ಬರುತ್ತಿತ್ತು. ಹಂಪಯ್ಯ ಕುಸಿದ ಜಾಗದಲ್ಲಿ ಸುಂಕಲಮ್ಮ ಹೊಸ ಗಡಿಗೆ ಹಿಡಿದು ನಿಂತಳು. ಹೆಸರು ಹಿಡಿದು ಕರೆಯಬೇಕು. ಬಾಯಿ ತೆರೆದಳು, ಹೆಸರು ಬರಲಿಲ್ಲ. ಗಂಡನ ಹೆಸರು ಹೆಂಡತಿ ಹೇಳುವುದುಂಟೆ? ಓಟಿನ ಪಟ್ಟಿ ಬರೆಯಲು ಬಂದವರು ಗಂಡನ ಹೆಸರೇನು ಎಂದಾಗಲೂ ಪಕ್ಕದವಳ ಕೈಲಿ ಹೇಳಿಸಿದವಳು ಅವಳು. ಹೆಂಡತಿಯ ಬಾಯಿಂದ ಬಿದ್ದ ಹೆಸರು ಗಂಡನ ಆಯಸ್ಸು ತಿನ್ನುತ್ತದೆ ಎಂದು ಹಡೆದವ್ವ ಹೇಳಿಕೊಟ್ಟದ್ದು ರಕ್ತದಲ್ಲಿತ್ತು. ಸತ್ತವನಿಗೆ ಇನ್ನೆಲ್ಲಿಯ ಆಯಸ್ಸು ಎಂದು ಕೇಳಬಹುದು. ನಾಲಗೆಗೆ ಆ ತರ್ಕವೆಲ್ಲ ಗೊತ್ತಾಗುವುದಿಲ್ಲ.

"ಏನ್ರೀ" ಎಂದಳು, ದಿನಾ ಕರೆಯುತ್ತಿದ್ದಂತೆ. "ಬರ್ರಿ. ಇಲ್ಲಿದ್ದದ್ದು ಸಾಕು, ಮನಿಗೆ ಹೋಗಾಣು ಬರ್ರಿ."

ಮಂಚ ಕಿರ್ರೆಂದಿತು. ಮಲಗಿದ್ದವರು ಎದ್ದು ಕೂತಂತೆ. ಗಡಿಗೆ ಒಮ್ಮೆಲೇ ಭಾರವಾಯಿತು. ಅವಳ ಕಣ್ಣಲ್ಲಿ ನೀರು ಬಂತು. ಬಟ್ಟೆ ಕಟ್ಟಿ, ತಿರುಗಿ ನೋಡದೆ ಹೊರಟಳು. ತಿರುಗಿ ನೋಡಿದ್ದರೆ ಪಂಖಾ ಇನ್ನೂ ಆಡುತ್ತಿದ್ದದ್ದು ಕಾಣುತ್ತಿತ್ತು.

ಕುರುಗೋಡಿನ ಬಸ್ಸು ತುಂಬಿ ತುಳುಕುತ್ತಿತ್ತು. ಗಡಿಗೆ ತೊಡೆಯ ಮೇಲಿಟ್ಟುಕೊಂಡು ಕೂತ ಸುಂಕಲಮ್ಮನ ಪಕ್ಕದ ಜಾಗದಲ್ಲಿ ಮಾತ್ರ ಯಾರೂ ಕೂರಲಿಲ್ಲ. ಒಬ್ಬ ರೈತ ಕೂರಲು ಬಂದು, ತೋಳು ಉಜ್ಜಿಕೊಂಡು, "ಇಲ್ಲ್ಯಾಕೋ ಥಂಡಿ ಐತಿ" ಎಂದು ನಿಂತೇ ಬಂದ. ಅವಳು ಮಾತಾಡುವಂತಿರಲಿಲ್ಲ. ಮನಸ್ಸಿನಲ್ಲೇ ನಕ್ಕಳು.

ಮನೆಯಲ್ಲಿ ಗಡಿಗೆಯನ್ನು ಮೂಲೆಯಲ್ಲಿಟ್ಟು ಎಡೆ ಮಾಡಿದಳು. ಜೋಳದ ರೊಟ್ಟಿ, ಪುಂಡಿಪಲ್ಲೆ, ಕೆಂಪು ಚಟ್ನಿ, ಅವನಿಗೆ ಇಷ್ಟವಾದ ಬೀಡಿ. ಸ್ವಲ್ಪ ಚಹಾ ಮಿಕ್ಕಿತ್ತು, ಅದನ್ನೂ ಬಟ್ಟಲಿಗೆ ಹಾಕಿ ಇಟ್ಟಳು. ಕಾಗೆ ಬಂತು. ರೊಟ್ಟಿಯ ಮೇಲೆ ಕಾಲಿಟ್ಟು ದಾಟಿ, ಚಹಾದ ಬಟ್ಟಲಿಗೆ ಕೊಕ್ಕು ಹಾಕಿ ಹೋಯಿತು. ಹಂಪಯ್ಯ ಚಹಾ ಕುಡಿದವನೇ ಅಲ್ಲ. ಅವಳಿಗೆ ಅದು ಆಗ ಹೊಳೆಯಲಿಲ್ಲ, ಹೊಳೆಯುವುದು ಬೇಕಿರಲಿಲ್ಲ. ಮುಟ್ಟಿತಲ್ಲ, ಸಾಕು ಎಂದುಕೊಂಡಳು.

ಮರುದಿನ ಮಧ್ಯಾಹ್ನ ಮನೆಯಲ್ಲಿ ಒಂದು ವಾಸನೆ ಎದ್ದಿತು. ಹೂವಿನದಲ್ಲ, ಊದುಬತ್ತಿಯದಲ್ಲ. ಎಲ್ಲೋ ಮೂಸಿದ ನೆನಪು. ಪಕ್ಕದ ಮನೆಯ ಹನುಮಮ್ಮ ಗೋಡೆಯ ಮೇಲಿಂದ ಇಣುಕಿದಳು. "ಸುಂಕಲಮ್ಮಾ, ಯಾರಬೇ ಬಂದಾರ ನಿಮ್ಮನಿಗೆ? ಯಾರೋ ಮುದುಕಿ ಸಾಬರ ಮಾತು ಆಡಿದಂಗಾತು."

"ಯಾರೂ ಇಲ್ಲಲ್ಲ" ಎನ್ನುವಷ್ಟರಲ್ಲಿ ಒಳಗಿಂದ ಕೇಳಿಸಿತು. ತೆಳ್ಳಗಿನ, ಬಳಲಿದ, ಆದರೆ ಹೇಳಿಸಿಕೊಂಡು ರೂಢಿಯಿಲ್ಲದ ದನಿ.

"ಖೀಂಚೋ."

ಸುಂಕಲಮ್ಮನಿಗೆ ಈಗ ನೆನಪಾಯಿತು. ಆ ವಾಸನೆ ದೊರಸಾನಿ ಕರವಸ್ತ್ರಕ್ಕೆ ಹಚ್ಚಿಕೊಳ್ಳುತ್ತಿದ್ದ ವಿಲಾಯತಿ ಪರಿಮಳದ ಸೀಸೆ ನೀರಿನದು. ತಾನು ಬರ್ರಿ ಎಂದು ಕರೆದಾಗ ಆ ಕೋಣೆಯಲ್ಲಿ ಬರುವವರು ಇಬ್ಬರಿದ್ದರು. ಹೆಸರಿಲ್ಲದ ಕರೆಗೆ, ಕರೆದಾಗ ಎದ್ದು ಬರುವ ಸ್ವಾತಂತ್ರ್ಯ ಇದ್ದವಳು ಬಂದಿದ್ದಳು. ಆಳು ಕೆಲಸ ಬಿಟ್ಟು ಏಳುತ್ತಾನೆಯೇ? ಸುಂಕಲಮ್ಮ ಹೊಸ್ತಿಲ ಮೇಲೆ ಕೂತು ನಕ್ಕಳು, ನಗುತ್ತಲೇ ಅತ್ತಳು. ಗಂಡನನ್ನು ತರಲು ಹೋಗಿ ಅವನ ಯಜಮಾನತಿಯನ್ನು ಹೊತ್ತು ತಂದಿದ್ದಳು.

ಬಂದ ಅತಿಥಿಯನ್ನು ಓಡಿಸುವುದು ಹೇಗೆ? ಕೆಲವು ದಿನ ಅವಳು ಹೋಟೆಲಿನ ಕೆಲಸಕ್ಕೂ ಹೋಗದೆ ದೊರಸಾನಿಯನ್ನು ನೋಡಿಕೊಂಡಳು. ಮಧ್ಯಾಹ್ನ ದನಿ ಎದ್ದರೆ ಬೀಸಣಿಗೆ ಹಿಡಿದು ಖಾಲಿ ಮೂಲೆಗೆ ಗಾಳಿ ಹಾಕುತ್ತಿದ್ದಳು. ಬಾಯಲ್ಲಿ ಬೈಗುಳ, ಕೈಯಲ್ಲಿ ಬೀಸಣಿಗೆ. ಒಂದು ದಿನ "ಖೀಂಚೋ" ಎನ್ನುವ ದನಿಯ ಕೊನೆಯಲ್ಲಿ ಸಣ್ಣದಾಗಿ ಬಿಕ್ಕಿದ್ದು ಕೇಳಿಸಿತು. ಸುಂಕಲಮ್ಮನ ಬೈಗುಳ ನಿಂತಿತು. ಇವಳಿಗೂ ಇದು ಕಂಡವರ ಮನೆಯೇ ಅಲ್ಲವೇ? ಮನಿಗೆ ಹೋಗಾಣು ಎಂದು ಯಾರೋ ಕರೆದರು, ನಂಬಿ ಬಂದಳು ಪಾಪ.

ಅಷ್ಟರಲ್ಲಿ ಬಳ್ಳಾರಿಯಿಂದ ಸುದ್ದಿ ಬಂತು. ರಾಕ್‌ವ್ಯೂ ಮಾರಾಟವಾಗಿದೆ, ಕೊಂಡವರು ಕೆಡವುತ್ತಿದ್ದಾರೆ, ಒಂದು ಮಗ್ಗುಲಿನ ಹೆಂಚು ಆಗಲೇ ಇಳಿಸಿದ್ದಾರೆ. ಬಸ್ಸಿನ ಡ್ರೈವರು ಇನ್ನೊಂದು ಮಾತು ಸೇರಿಸಿದ: ಮೂಲೆ ಕೋಣೆಗೆ ಹೋಗಲು ಕೂಲಿಗಳು ಒಲ್ಲೆ ಎನ್ನುತ್ತಿದ್ದಾರೆ, ಅಲ್ಲಿ ಪಂಖಾ ತಾನೇ ಆಡುತ್ತದಂತೆ. ಸುಂಕಲಮ್ಮನಿಗೆ ಅರ್ಥವಾಯಿತು. ಎಳೆ ಎನ್ನುವವಳು ಇಲ್ಲಿ ಕುರುಗೋಡಿನಲ್ಲಿದ್ದಾಳೆ, ಹೇಳುವವರಿಲ್ಲದಿದ್ದರೂ ಅವನು ಅಲ್ಲಿ ಎಳೆಯುತ್ತಲೇ ಇದ್ದಾನೆ. ನಿಲ್ಲಿಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಗೋಡೆ ಬಿದ್ದು, ಆ ನೆಲವೇ ಅಗೆದುಹೋದರೆ ಇನ್ನು ಅವನನ್ನು ಎಲ್ಲಿಂದ ಕರೆಯುವುದು?

ರೊಟ್ಟಿ ಬಡಿದು ಗಂಟು ಕಟ್ಟಿಕೊಂಡು, ಗಡಿಗೆ ಎತ್ತಿಕೊಂಡು ಮೊದಲ ಬಸ್ಸಿಗೇ ಹೊರಟಳು. ಬಳ್ಳಾರಿಯಲ್ಲಿ ಇಳಿದವಳು ನೇರವಾಗಿ ಹೋಟೆಲಿಗೆ ಹೋಗಲಿಲ್ಲ. ದೊರಸಾನಿಯನ್ನು ಮತ್ತೆ ಅಲ್ಲಿಗೇ ಬಿಟ್ಟರೆ ಹಂಪಯ್ಯನಿಗೆ ಬಿಡುಗಡೆ ಎಲ್ಲಿಯದು? ಮನೆಯಲ್ಲಿಟ್ಟುಕೊಂಡರೂ ಅಷ್ಟೇ, ಬಂದವನು ಅಲ್ಲೂ ಎಳೆಯುತ್ತ ಕೂತಾನು. ಬಿಳಿಯರ ಸಮಾಧಿ ತೋಟದ ಗೇಟು ತಳ್ಳಿ ಒಳಗೆ ಹೋಗಿ, ಹುಲ್ಲಿನಲ್ಲಿ ಮುಚ್ಚಿಹೋದ ಜೋಡಿ ಕಲ್ಲು ಹುಡುಕಿದಳು. ದೊರೆಯ ಗೋರಿಗೆ ದೊರಸಾನಿಯ ಹಿಂದೆ ಎಷ್ಟೋ ಸಲ ಹೂ ಹೊತ್ತು ಬಂದಿದ್ದಳು, ಜಾಗ ಗೊತ್ತಿತ್ತು. ಬಟ್ಟೆ ಬಿಚ್ಚಿ ಎರಡು ಕಲ್ಲಿನ ನಡುವೆ ನೀರು ಸುರಿದಳು.

"ನಿಮ್ಮ ದೊರಿ ಇಲ್ಲೇ ಅದಾರ ನೋಡ್ರಿ ಅಮ್ಮಾರ. ನಿಮ್ಮನಿ ಇದು. ಇಲ್ಲಿ ಸೆಕಿ ಇಲ್ಲ, ಮಲಕ್ಕೊಳ್ರಿ."

ನೀರು ಇಂಗಿತು. ಆ ಸೀಸೆ ನೀರಿನ ವಾಸನೆ ಒಮ್ಮೆ ಎದ್ದು, ಬಿಸಿಲಿನಲ್ಲಿ ಆರಿಹೋಯಿತು. ಅವಳು ಗಡಿಗೆಯನ್ನು ಅಲ್ಲೇ ಒಡೆದು ನಡೆದಳು.

ಹೋಟೆಲಿನಲ್ಲಿ ಊಟದ ಹೊತ್ತು. ಕೂಲಿಗಳು ದೂರದ ಬೇವಿನ ಕೆಳಗೆ ಬುತ್ತಿ ಬಿಚ್ಚಿದ್ದರು. ಅರ್ಧ ಕಟ್ಟಡಕ್ಕೆ ಸೂರೇ ಇರಲಿಲ್ಲ, ತೊಲೆಗಳು ಬಿಸಿಲಿಗೆ ಬರಿಮೈ ಒಡ್ಡಿ ನಿಂತಿದ್ದವು. ಮೂಲೆ ಕೋಣೆಯಲ್ಲಿ ಮಂಚ ಇಲ್ಲ, ಕಿಟಕಿಗೆ ಬಾಗಿಲಿಲ್ಲ. ಮೇಲೆ ಪಂಖಾ ಧೂಳು ಉದುರಿಸುತ್ತ ಆಡುತ್ತಿತ್ತು, ಮಲಗುವವರಿಲ್ಲದ ಬರಿ ನೆಲಕ್ಕೆ ಗಾಳಿ ಹಾಕುತ್ತಿತ್ತು. ಸುಂಕಲಮ್ಮ ಅವನು ಕುಸಿದ ಜಾಗಕ್ಕೆ ಹೋಗಿ ನಿಂತಳು. ಹೊಸ ಗಡಿಗೆ ತರಲು ಹೊತ್ತಿರಲಿಲ್ಲ, ಕರೆಯುವುದರಲ್ಲಾದರೂ ಈ ಸಲ ತಪ್ಪು ಮಾಡಬಾರದು. ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಕಣ್ಣು ಮುಚ್ಚಿ, ಜೀವಮಾನದಲ್ಲಿ ಮೊದಲ ಸಲ ಗಂಡನ ಹೆಸರು ಕೂಗಿದಳು.

"ಹಂಪಯ್ಯಾ!"

ಗೋಡೆಯ ಆಚೆಯಿಂದ ಕೂಡಲೇ ಉತ್ತರ ಬಂತು. ಗಾಬರಿಯ, ತಪ್ಪು ಮಾಡಿ ಸಿಕ್ಕಿಬಿದ್ದವನ ದನಿ.

"ಜೀ, ದೊರಸಾನಿ."

ಪಂಖಾ ಜೋರಾಯಿತು.

ಅವಳು ಅಲ್ಲೇ ನೆಲದ ಮೇಲೆ ಕೂತಳು. ಅವನನ್ನು ಹೆಸರು ಹಿಡಿದು ಕರೆದವರೆಲ್ಲ ಕೆಲಸ ಹೇಳಲೆಂದೇ ಕರೆದಿದ್ದರು. ಹೆಂಡತಿಯ ದನಿಯಲ್ಲಿ ಆ ಹೆಸರನ್ನು ಅವನು ಕೇಳಿಯೇ ಇರಲಿಲ್ಲ, ಗುರುತು ಹಿಡಿಯುವುದು ಹೇಗೆ? ಮತ್ತೆ ಕೂಗಲು ಅವಳಿಗೆ ಧೈರ್ಯವಾಗಲಿಲ್ಲ. ಕೂಗಿದಷ್ಟೂ ಅವನು ಎಳೆಯುತ್ತಾನೆ. ಪದ್ಧತಿ ಹೇಳಿಕೊಟ್ಟದ್ದು ಇಲ್ಲಿಗೆ ಮುಗಿದಿತ್ತು.

ಎದ್ದು, ಗೋಡೆ ಹಿಡಿದುಕೊಂಡು, ಸುತ್ತಿ ಹಿಂದಿನ ವರಾಂಡಕ್ಕೆ ಬಂದಳು. ಹಗ್ಗ ಸರ್ರನೆ ಇಳಿಯುತ್ತಿತ್ತು, ಏರುತ್ತಿತ್ತು. ಊಟದ ಹೊತ್ತು. ಈ ಹೊತ್ತಿಗೆ ಅವಳು ಬುತ್ತಿ ತರುತ್ತಿದ್ದಳು. ಅವನು ಉಣ್ಣುವಾಗ ಪಂಖಾ ನಿಲ್ಲುವಂತಿರಲಿಲ್ಲ, ಅವನ ಪಕ್ಕದಲ್ಲಿ ಕೂತು, ಆಡುತ್ತಿರುವ ಹಗ್ಗವನ್ನೇ ಅವನ ಕೈಯಿಂದ ತಾನು ತೆಗೆದುಕೊಳ್ಳುತ್ತಿದ್ದಳು. ಕೈ ಬದಲಾದದ್ದು ಒಳಗಿದ್ದವರಿಗೆ ಒಮ್ಮೆಯೂ ಗೊತ್ತಾಗಿರಲಿಲ್ಲ. ಲೋಕಕ್ಕೆ ಕಾಣದಂತೆ ಅವರು ನಡೆಸಿದ ಸಂಸಾರ ಅದೊಂದೇ.

ಸುಂಕಲಮ್ಮ ಕಲ್ಲಿನ ಪಕ್ಕದಲ್ಲಿ ಕೂತಳು. ಗಂಟನ್ನು ಆ ಕಡೆ ಸರಿಸಿದಳು. ಹಗ್ಗ ಕೆಳಗಿಳಿದಾಗ ಎರಡೂ ಕೈಯಿಂದ ಹಿಡಿದಳು.

"ಕೊಡ್ರಿ ಇಲ್ಲಿ" ಎಂದಳು, ಯಾವಾಗಲೂ ಅನ್ನುತ್ತಿದ್ದಂತೆ. "ರೊಟ್ಟಿ ಆರಿಹೋಕ್ಕಾವು. ಉಣ್ರಿ."

ಸ್ವಲ್ಪ ಹೊತ್ತು ಹಗ್ಗದಲ್ಲಿ ಎರಡು ಎಳೆತ ಇದ್ದವು. ಅವಳದೊಂದು, ಇನ್ನೊಂದು. ಆಮೇಲೆ ಆ ಇನ್ನೊಂದು ಕೈ ಬಿಟ್ಟಿತು. ಪಂಖಾದ ಭಾರವೆಲ್ಲ ಅವಳ ರಟ್ಟೆಗೆ ಬಂತು. ಪಕ್ಕದಲ್ಲಿ ಯಾರೋ ಕಾಲು ಚಾಚಿ, ಗೋಡೆಗೆ ಬೆನ್ನು ಕೊಟ್ಟು, ಉದ್ದಕ್ಕೆ ಉಸಿರು ಬಿಟ್ಟರು. ಗಂಟು ಬಿಚ್ಚಿದ ಸಪ್ಪಳ. ಒಣಗಿದ ರೊಟ್ಟಿ ಮುರಿದ ಸಪ್ಪಳ. ಅವಳು ತಿರುಗಲಿಲ್ಲ. ಕಣ್ಣೀರು ಒರೆಸಿಕೊಳ್ಳಲೂ ಹಗ್ಗ ಬಿಡಲಿಲ್ಲ. ಅವನು ಉಂಡು ಮುಗಿಸುವ ತನಕ, ನಿಧಾನವಾಗಿ, ಎಳೆದಳು.

ಸಪ್ಪಳ ನಿಂತಿತು. ಸುಂಕಲಮ್ಮ ಹಗ್ಗ ಬಿಟ್ಟಳು. ಪಂಖಾ ಒಂದೆರಡು ಸಲ ತೂಗಿ ನಿಂತಿತು. ಬೇವಿನ ಕೆಳಗಿದ್ದ ಕೂಲಿಗಳು ಅನ್ನದ ಕೈಯಲ್ಲೇ ಎದ್ದು ನಿಂತು ಈ ಕಡೆ ನೋಡಿದರು.

"ಹೋಗಾಣು ನಡ್ರಿ" ಎಂದಳು. ಲಗ್ನವಾದ ದಿನದಿಂದ ಅವನು ಮುಂದೆ, ಅವಳು ನಾಲ್ಕು ಮಾರು ಹಿಂದೆ ನಡೆದಿದ್ದರು. ಈಗ ಅವಳು ಮುಂದಾದಳು, ಗೇಟು ದಾಟಿ ಬಸ್ಸಿನ ಕಡೆ ನಡೆದಳು. ಅವಳ ಹಿಂದೆ, ಕಾದ ರಸ್ತೆಯ ಮೇಲೆ, ಬರಿಗಾಲಿನ ಹೆಜ್ಜೆ ಸಪ್ಪಳ ಕೇಳಿಸುತ್ತಿತ್ತು.